ಯೋಧ, ಆಟಗಾರ, ತಂದೆ: ಬರ್ಟ್ ಟ್ರಾಟ್‌ಮನ್‌ರ ಜೀವನಸ್ಮರಣೆ

ನಮ್ಮ ದೇವಾಲಯದ ಶತಮಾನೋತ್ಸವದ ಈ ಸ್ಮರಣ ಸಂಚಿಕೆಗೆ ಚರಿತ್ರೆಗೆ ಸಂಬಂಧಪಟ್ಟ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ನಮ್ಮನ್ನು ಕೇಳಿಕೊಂಡರು. ಅಸ್ತಿವಾರದ ಕಲ್ಲು, ಗಂಟೆಗೋಪುರ, ಹಿಂದಿನ ಗುರುಗಳ ಸೇವಾವಧಿ ಮುಂತಾದ ವಿಷಯಗಳನ್ನೇ ಅವರು ನಿರೀಕ್ಷಿಸಿದ್ದಿರಬೇಕು. ಅವುಗಳನ್ನು ನಮಗಿಂತ ಚೆನ್ನಾಗಿ ಬಲ್ಲ ಹಿರಿಯರು ಇದೇ ಸಂಚಿಕೆಯಲ್ಲಿ ಬರೆದಿದ್ದಾರೆ. ನಾವಾದರೋ ಪರದೇಶದ ಕಾಲ್ಚೆಂಡಾಟಗಾರರೊಬ್ಬರ ಜೀವನವನ್ನು ಆರಿಸಿಕೊಂಡಿದ್ದೇವೆ. ಇದಕ್ಕೆ ಕಾರಣ ನಮ್ಮ ಮೈದಾನದ ಹುಡುಗರು.

ಕಳೆದ ಮಳೆಗಾಲದ ಒಂದು ಸಂಜೆ ದೇವಾಲಯದ ಹಿಂದಿನ ಮೈದಾನದಲ್ಲಿ ಆಟ ನಡೆದಿದ್ದಾಗ, ಗೋಲು ಕಾಯುತ್ತಿದ್ದ ಹುಡುಗ ಚೆಂಡು ಹಿಡಿಯಲು ಹಾರಿ, ಎದುರಾಳಿಯ ಮೊಣಕಾಲು ತಗುಲಿ ಬಿದ್ದ. ಪೆಟ್ಟೇನೂ ದೊಡ್ಡದಲ್ಲ. ಆದರೂ ಅವನು ಕತ್ತು ಹಿಡಿದುಕೊಂಡು ಕುಳಿತಾಗ ಜೊತೆಯವನೊಬ್ಬ, "ಏಳೋ, ಕತ್ತು ಮುರಿದುಕೊಂಡೇ ಫೈನಲ್ ಆಡಿದವನೊಬ್ಬನಿದ್ದ, ನಿನಗೇನಾಗಿದೆ?" ಎಂದು ಗದರಿಸಿದ. ಮೊಬೈಲಿನಲ್ಲಿ ನೋಡಿದ್ದನಂತೆ. "ಫಾದರ್, ಅದು ನಿಜವಾ?" ಎಂದು ಎಲ್ಲರೂ ನಮ್ಮ ಕಡೆ ತಿರುಗಿದರು. ನಿಜವೆಂದೆವು. ಗುರುಮಠದಲ್ಲಿ ಓದುತ್ತಿದ್ದ ಕಾಲದಲ್ಲಿ ನಾವೂ ಗೋಲು ಕಾಯುತ್ತಿದ್ದವರೇ. ಆ ಹೆಸರನ್ನು ಅಂದಿನಿಂದಲೂ ಬಲ್ಲೆವು. ಆದರೆ ಹುಡುಗರು ಮನೆಗೆ ಹೋದ ಮೇಲೆ ನಮಗೊಂದು ಯೋಚನೆ ಬಂದಿತು. 89 ವರ್ಷ ಬಾಳಿದ ಆ ಮನುಷ್ಯರ ಜೀವನದಲ್ಲಿ ಲೋಕವು ನೆನಪಿಟ್ಟುಕೊಂಡಿರುವುದು ಒಂದು ಕಾಲು ಗಂಟೆಯನ್ನು ಮಾತ್ರ. ಅದರ ಹಿಂದಿನದೂ ಮುಂದಿನದೂ, ಮುಖ್ಯವಾಗಿ ಅವರು ಒಬ್ಬ ತಂದೆಯಾಗಿದ್ದರೆಂಬುದೂ, ಮರೆತಂತೆಯೇ ಆಗಿದೆ.

ಬರ್ನ್‌ಹಾರ್ಡ್ ಕಾರ್ಲ್ ಟ್ರಾಟ್‌ಮನ್ 1923ನೆಯ ಇಸವಿ ಅಕ್ಟೋಬರ್ 22ರಂದು ಜರ್ಮನಿಯ ಬ್ರೆಮೆನ್ ಎಂಬ ಬಂದರು ಪಟ್ಟಣದಲ್ಲಿ ಹುಟ್ಟಿದರು. ತಂದೆ ಹಡಗುಕಟ್ಟೆಯಲ್ಲಿ ದುಡಿಯುತ್ತಿದ್ದವರು. ಜರ್ಮನಿಯಲ್ಲಿ ಹಣಕ್ಕೆ ಬೆಲೆಯೇ ಇಲ್ಲದೆ ಹೋದ ವರ್ಷ ಅದು. ಬೆಳಿಗ್ಗೆ ಕೈಗೆ ಬಂದ ಕೂಲಿಯ ನೋಟುಗಳು ಸಂಜೆಗೆ ಬರಿಯ ಕಾಗದವಾಗುತ್ತಿದ್ದವು. ಮುಂದೆ 1930ರ ಸುಮಾರಿನ ಮುಗ್ಗಟ್ಟಿನಲ್ಲಿ ಈ ಕುಟುಂಬವು ಇದ್ದ ಮನೆಯನ್ನು ಮಾರಿ, ಗ್ರೋಪೆಲಿಂಗೆನ್ ಎಂಬ ಕಾರ್ಮಿಕರ ಬಡಾವಣೆಯ ವಠಾರಕ್ಕೆ ಬಂದು ಸೇರಿತು. ಹುಡುಗನಿಗೆ ಓದಿಗಿಂತ ಆಟದಲ್ಲಿ ಆಸಕ್ತಿ. ಅಂಗಸಾಧನೆಯಲ್ಲಿ ಅವನ ಸಾಮರ್ಥ್ಯಕ್ಕೆ ರಾಷ್ಟ್ರಾಧ್ಯಕ್ಷ ಹಿಂಡೆನ್‌ಬರ್ಗರ ಸಹಿಯುಳ್ಳ ಪ್ರಶಸ್ತಿಪತ್ರವೂ ದೊರಕಿತ್ತು. 1933ರ ಜನವರಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದನು. ಅದೇ ವರ್ಷ ಆಗಸ್ಟಿನಲ್ಲಿ, ಹತ್ತು ತುಂಬಲು ಇನ್ನೂ ಎರಡು ತಿಂಗಳಿರುವಾಗಲೇ, ಬಾಲಕನು ನಾಜಿಗಳ ಮಕ್ಕಳ ದಳವಾದ ಯುಂಗ್‌ಫೋಲ್ಕ್‌ಗೆ ಸೇರಿದನು.

ಇದನ್ನು ಓದಿ ಹುಬ್ಬೇರಿಸಬೇಕಾಗಿಲ್ಲ. ಆ ದಳದಲ್ಲಿ ಮೊದಲು ಕಲಿಸುತ್ತಿದ್ದುದು ದ್ವೇಷವನ್ನಲ್ಲ. ಓಟವನ್ನು, ಚೆಂಡಾಟವನ್ನು, ಡೇರೆ ಹಾಕುವುದನ್ನು, ಬೆಂಕಿಯ ಸುತ್ತ ಕುಳಿತು ಹಾಡುವುದನ್ನು. ಬಡವಠಾರದ ಹುಡುಗನೊಬ್ಬನಿಗೆ ಹೊಸ ಸಮವಸ್ತ್ರವನ್ನೂ ಆಟದ ಬಯಲನ್ನೂ ಕೊಟ್ಟು ಕರೆದರೆ ಹೋಗದೆ ಇರುವವನು ಯಾರು? ಮಕ್ಕಳ ಒಡನಾಟದಲ್ಲಿ ನಾವು ಕಳೆದಿರುವ ವರ್ಷಗಳಿಂದ ಒಂದು ಮಾತನ್ನು ಧೈರ್ಯವಾಗಿ ಹೇಳಬಲ್ಲೆವು: ಹುಡುಗನನ್ನು ಒಳ್ಳೆಯದಕ್ಕಾಗಲಿ ಕೆಟ್ಟದ್ದಕ್ಕಾಗಲಿ ಸೆಳೆಯಬೇಕಾದರೆ ಆಟದ ಬಯಲಿಗಿಂತ ಹತ್ತಿರದ ದಾರಿ ಇಲ್ಲ. ಆ ಸರ್ಕಾರಕ್ಕೆ ಇದು ಚೆನ್ನಾಗಿ ಗೊತ್ತಿತ್ತು.

ದ್ವಿತೀಯ ಮಹಾಯುದ್ಧ ಆರಂಭವಾದಾಗ ಟ್ರಾಟ್‌ಮನ್ ಮೋಟಾರು ರಿಪೇರಿಯ ಕೆಲಸ ಕಲಿಯುತ್ತಿದ್ದರು. 1941ರಲ್ಲಿ, 17ರ ಪ್ರಾಯದಲ್ಲಿ, ವಾಯುದಳದಲ್ಲಿ ರೇಡಿಯೋ ಕೆಲಸಕ್ಕೆ ಸೇರಿ, ಅಲ್ಲಿಂದ ಪ್ಯಾರಾಚೂಟ್ ದಳಕ್ಕೆ ವರ್ಗವಾದರು. ಆ ವರ್ಷ ಜೂನ್ 22ರಂದು ಜರ್ಮನಿ ರಷ್ಯದ ಮೇಲೆ ದಂಡೆತ್ತಿ ಹೋಯಿತು. ಆ ಪೂರ್ವರಂಗದ ಹಿಮದಲ್ಲಿಯೂ ಕೆಸರಿನಲ್ಲಿಯೂ ಅವರು ಸುಮಾರು ಮೂರು ವರ್ಷ ಕಾದಾಡಿದರು. ಒಂದನೆಯ ದರ್ಜೆಯ ಐರನ್ ಕ್ರಾಸ್ ಸೇರಿ ಐದು ಪದಕಗಳನ್ನು ಪಡೆದರು. ಬಳಿಕ ಪಶ್ಚಿಮರಂಗಕ್ಕೆ ಬಂದರು. ಕ್ಲೇವೆ ಎಂಬ ಪಟ್ಟಣದ ಮೇಲೆ ನಡೆದ ಬಾಂಬುದಾಳಿಯಲ್ಲಿ ಬದುಕಿ ಉಳಿದ ಕೆಲವರಲ್ಲಿ ಅವರೂ ಒಬ್ಬರು. ಸಾವಿರ ಮಂದಿಯಿದ್ದ ಅವರ ದಳದಲ್ಲಿ ಯುದ್ಧ ಮುಗಿಯುವ ಹೊತ್ತಿಗೆ ಉಳಿದವರು ತೊಂಬತ್ತು ಮಂದಿ ಎಂದು ಹೇಳುತ್ತಾರೆ.

ಪದಕಗಳ ಮಾತು ಸುಲಭ. ಅದಕ್ಕಿಂತ ಕಷ್ಟದ ಮಾತೊಂದಿದೆ. 1941ರಲ್ಲಿ ಉಕ್ರೇನಿನ ಕಾಡೊಂದರಲ್ಲಿ ಟ್ರಾಟ್‌ಮನ್ ಮತ್ತು ಅವರ ಜೊತೆಗಾರನೊಬ್ಬನು ಗುಂಡಿನ ಸದ್ದು ಕೇಳಿ, ಮರಗಳ ನಡುವೆ ತೆವಳುತ್ತಾ ಹೋಗಿ ನೋಡಿದರು. ಗಂಡಸರು, ಹೆಂಗಸರು, ಮಕ್ಕಳು, ಹೀಗೆ ಯೆಹೂದ್ಯರ ಗುಂಪೊಂದನ್ನು ಅಗೆದ ಹೊಂಡಗಳ ಬಳಿ ನಿಲ್ಲಿಸಿ, ತಮ್ಮ ದೇಶದವರೇ ಆದ ವಿಶೇಷ ದಳದವರು ಗುಂಡಿಟ್ಟು ಕೊಲ್ಲುತ್ತಿದ್ದರು. ಇಬ್ಬರೂ ಕಣ್ಣಾರೆ ಕಂಡು, ಬಂದಂತೆಯೇ ತೆವಳುತ್ತಾ ಹಿಂದಿರುಗಿದರು. ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಅವರ ಪ್ರಾಣ ಉಳಿಯುತ್ತಿರಲಿಲ್ಲವೆಂಬುದು ನಿಜ. ಆದರೆ ಆ ಮೌನವು ಯುದ್ಧದೊಂದಿಗೆ ಮುಗಿಯಲಿಲ್ಲ; ಅನಂತರವೂ ದಶಕಗಟ್ಟಲೆ ಮುಂದುವರಿಯಿತು. ಕ್ಯಾಟ್ರಿನ್ ಕ್ಲೇ ಎಂಬ ಲೇಖಕಿ ಬರೆದು 2010ರಲ್ಲಿ ಪ್ರಕಟವಾದ ಅವರ ಜೀವನಚರಿತ್ರೆಯಲ್ಲಿ ಈ ಸಂಗತಿ ವಿವರವಾಗಿ ಬಂದಾಗ ಅವರಿಗೆ 86 ವರ್ಷ. ಈ ಪ್ರಸಂಗವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ. ಮುಂದೆ ಇದಕ್ಕೆ ಹಿಂದಿರುಗಬೇಕಾಗುತ್ತದೆ.

ಒಮ್ಮೆ ರಷ್ಯನ್ನರ ಕೈಗೂ, ಒಮ್ಮೆ ಫ್ರೆಂಚ್ ಹೋರಾಟಗಾರರ ಕೈಗೂ ಸಿಕ್ಕಿ ತಪ್ಪಿಸಿಕೊಂಡಿದ್ದ ಅವರು, 1945ರಲ್ಲಿ ಯುದ್ಧದ ಕೊನೆಯ ತಿಂಗಳುಗಳಲ್ಲಿ ಬ್ರಿಟಿಷರಿಗೆ ಸೆರೆಸಿಕ್ಕರು. ಓಡಿಹೋಗುತ್ತಾ ಬೇಲಿಯೊಂದನ್ನು ಜಿಗಿದಾಗ ಬಿದ್ದದ್ದು ನೇರವಾಗಿ ಇಂಗ್ಲಿಷ್ ಸಿಪಾಯಿಯೊಬ್ಬನ ಕಾಲ ಬಳಿ. ಗುಂಡು ಹಾರಿಸುವ ಬದಲು ಆ ಸಿಪಾಯಿ ಒಂದು ಕಪ್ ಚಹಾ ಬೇಕೇ ಎಂದು ಕೇಳಿದನಂತೆ. ಟ್ರಾಟ್‌ಮನ್ ಇದನ್ನು ಎಷ್ಟು ಸಲ ಹೇಳಿದರೂ ಅವರಿಗೆ ಬೇಸರವಾಗುತ್ತಿರಲಿಲ್ಲ.

ಕೈದಿಗಳನ್ನು ಇಂಗ್ಲೆಂಡಿಗೆ ಸಾಗಿಸಿ, ಪ್ರಶ್ನಿಸಿ, ಮೂರು ವರ್ಗಗಳಾಗಿ ವಿಂಗಡಿಸಲಾಯಿತು. ಟ್ರಾಟ್‌ಮನ್‌ರನ್ನು ಮೊದಲು ಹಾಕಿದ್ದು ಕಡುನಾಜಿಗಳ ವರ್ಗಕ್ಕೆ. ಹತ್ತನೆಯ ವರ್ಷದಿಂದ ಬೇರೇನನ್ನೂ ಕೇಳದೆ ಬೆಳೆದ 21ರ ತರುಣನನ್ನು ಇನ್ನೆಲ್ಲಿಗೆ ಹಾಕಿಯಾರು! ಕೆಲಕಾಲದ ನಂತರ ವರ್ಗ ಬದಲಾಯಿತು. ಯುದ್ಧಕೈದಿಗಳ ಶಿಬಿರವೆಂದರೆ ನಮ್ಮ ನಾಡಿಗೂ ಅಪರಿಚಿತವಲ್ಲ. ಅದೇ ಯುದ್ಧದಲ್ಲಿ ಸೆರೆಸಿಕ್ಕ ಇಟಲಿಯ ಸಾವಿರಾರು ಸೈನಿಕರನ್ನು ಬೆಂಗಳೂರಿನ ಶಿಬಿರಗಳಲ್ಲಿ ಇರಿಸಲಾಗಿತ್ತು. ಅವರನ್ನು ಕಂಡಿದ್ದ ಹಿರಿಯರು ನಮ್ಮ ಚಿಕ್ಕಂದಿನಲ್ಲಿ ಇನ್ನೂ ಇದ್ದರು. ಬೇಲಿಯಾಚೆಯ ಆ ಬಿಳಿಯ ಕೈದಿಗಳಿಗೆ ಮೊದಲು ಹೆದರುತ್ತಿದ್ದೆವು, ಆಮೇಲೆ ಮರುಕವಾಗುತ್ತಿತ್ತು ಎನ್ನುತ್ತಿದ್ದರು. ಇಂಗ್ಲೆಂಡಿನ ಹಳ್ಳಿಗರಿಗೂ ಹಾಗೆಯೇ ಆಗಿರಬೇಕು.

ಲ್ಯಾಂಕಷೈರ್ ಪ್ರಾಂತದ ಆಷ್ಟನ್-ಇನ್-ಮೇಕರ್‌ಫೀಲ್ಡ್ ಎಂಬಲ್ಲಿದ್ದ 50ನೆಯ ನಂಬರಿನ ಶಿಬಿರದಲ್ಲಿ ಕೈದಿಗಳು ಕಾಲ್ಚೆಂಡಾಡುತ್ತಿದ್ದರು. ಟ್ರಾಟ್‌ಮನ್ ಆಗ ಗೋಲು ಕಾಯುವವರಲ್ಲ, ಮೈದಾನದ ಮಧ್ಯದಲ್ಲಿ ಆಡುವವರು. ಒಂದು ಪಂದ್ಯದಲ್ಲಿ ಪೆಟ್ಟು ತಗುಲಿ ಓಡಲಾರದೆ ಗೋಲುರಕ್ಷಕನೊಂದಿಗೆ ಜಾಗ ಬದಲಾಯಿಸಿಕೊಂಡರು. ಮತ್ತೆ ಹಿಂದಿರುಗಿ ಬರಲೇ ಇಲ್ಲ. ಬರ್ನ್‌ಹಾರ್ಡ್ ಎಂಬ ಹೆಸರು ಇಂಗ್ಲಿಷರ ಬಾಯಲ್ಲಿ ಬರ್ಟ್ ಎಂದಾದದ್ದೂ ಅಲ್ಲಿಯೇ.

1948ರಲ್ಲಿ ಶಿಬಿರಗಳನ್ನು ಮುಚ್ಚಿ ಕೈದಿಗಳನ್ನು ಊರಿಗೆ ಕಳುಹಿಸತೊಡಗಿದಾಗ ಟ್ರಾಟ್‌ಮನ್ ಹೋಗಲೊಲ್ಲೆನೆಂದರು. ಅವರಂತೆ ಇಂಗ್ಲೆಂಡಿನಲ್ಲಿಯೇ ಉಳಿದ ಜರ್ಮನ್ ಕೈದಿಗಳ ಸಂಖ್ಯೆ 20,000ಕ್ಕೂ ಹೆಚ್ಚು. ಹೊಲದಲ್ಲಿ ಕೂಲಿ ಮಾಡಿದರು. ಲಿವರ್‌ಪೂಲ್ ಬಳಿ, ಸಿಡಿಯದೆ ಉಳಿದಿದ್ದ ಬಾಂಬುಗಳನ್ನು ನಿಷ್ಕ್ರಿಯಗೊಳಿಸುವ ದಳದಲ್ಲಿ ದುಡಿದರು. ಒಂದು ಕಾಲಕ್ಕೆ ಅವರ ದೇಶದವರೇ ಎಸೆದ ಬಾಂಬುಗಳು ಅವು. ಈ ವಲಸೆಯ ಮೊದಲ ದಿನಗಳಲ್ಲಿ ಅವರಿಂದ ಒಂದು ತಪ್ಪು ನಡೆಯಿತು. ಅಲ್ಲಿನ ತರುಣಿಯೊಬ್ಬಳಿಗೆ ಅವರಿಂದ ಹೆಣ್ಣುಮಗು ಹುಟ್ಟಿತು. ಅವರು ತಾಯಿಯನ್ನೂ ಮಗುವನ್ನೂ ಬಿಟ್ಟು ಹೋದರು. ಮಹಾಪುರುಷರ ಚರಿತ್ರೆ ಬರೆಯುವಾಗ ಇಂಥದ್ದನ್ನು ಬಿಟ್ಟುಬಿಡುವ ವಾಡಿಕೆಯಿದೆ. ತಂದೆಯೊಬ್ಬನ ಸ್ಮರಣೆ ಎಂದು ಹೆಸರಿಟ್ಟು ಅವನ ಮೊದಲ ಮಗುವನ್ನು ಬಿಟ್ಟರೆ ಅದು ಯಾವ ಸ್ಮರಣೆ? ಆದುದರಿಂದ ಬರೆದಿದ್ದೇವೆ. ತಂದೆಮಗಳು ಪುನಃ ಸೇರಿದ್ದು ಹಲವು ದಶಕಗಳ ನಂತರ.

ಸೇಂಟ್ ಹೆಲೆನ್ಸ್ ಟೌನ್ ಎಂಬ ಸಣ್ಣ ಕ್ಲಬ್ಬಿನಲ್ಲಿ ಅವರು ಗೋಲು ಕಾಯತೊಡಗಿದಾಗ ಪಂದ್ಯ ನೋಡಲು ಬರುವ ಜನ ಹೆಚ್ಚಿದರು. ಆ ಕ್ಲಬ್ಬಿನ ಕಾರ್ಯದರ್ಶಿಯವರ ಮಗಳನ್ನೇ ಅವರು 1950ರಲ್ಲಿ ಮದುವೆಯಾದರು. ಅದಕ್ಕೆ ಮುಂಚೆಯೇ, 1949ರ ಅಕ್ಟೋಬರಿನಲ್ಲಿ, ಮೊದಲನೆಯ ದರ್ಜೆಯ ತಂಡವಾದ ಮ್ಯಾಂಚೆಸ್ಟರ್ ಸಿಟಿ ಅವರನ್ನು ಸೇರಿಸಿಕೊಂಡಿತ್ತು. ಜನಪ್ರಿಯ ಗೋಲುರಕ್ಷಕ ಫ್ರಾಂಕ್ ಸ್ವಿಫ್ಟ್ ಆಗತಾನೇ ನಿವೃತ್ತರಾಗಿದ್ದರು. ಅವರ ಜಾಗಕ್ಕೆ ಬರುವವನು ಜರ್ಮನನೇ! ಅದೂ ಪ್ಯಾರಾಚೂಟ್ ದಳದವನು, ಐರನ್ ಕ್ರಾಸ್ ಧರಿಸಿದವನು!

ಮ್ಯಾಂಚೆಸ್ಟರಿನ ಜನ ಕೆರಳಿದ್ದು ಸುಮ್ಮನಲ್ಲ. 1940ರ ಡಿಸೆಂಬರಿನಲ್ಲಿ, ಕ್ರಿಸ್ತಜಯಂತಿಗೆ ಎರಡು ದಿನಗಳಿರುವಾಗ, ಜರ್ಮನ್ ವಿಮಾನಗಳು ಎರಡು ರಾತ್ರಿ ಎಡೆಬಿಡದೆ ಆ ಪಟ್ಟಣದ ಮೇಲೆ ಬಾಂಬುಗಳನ್ನು ಸುರಿಸಿದ್ದವು. 600ಕ್ಕೂ ಹೆಚ್ಚು ಮಂದಿ ಸತ್ತರು, ಪ್ರಧಾನಾಲಯವೂ ಹಾನಿಗೊಂಡಿತು. ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ಮೈದಾನವೂ 1941ರಲ್ಲಿ ಬಾಂಬಿಗೆ ತುತ್ತಾಗಿ, ಆ ತಂಡ 1949ರವರೆಗೂ ಸಿಟಿಯವರ ಮೈದಾನದಲ್ಲೇ ಆಡಬೇಕಾಗಿತ್ತು. ಅಲ್ಲದೆ ಇಂಗ್ಲೆಂಡಿನಲ್ಲಿ ಲಂಡನ್ ಬಿಟ್ಟರೆ ಯೆಹೂದ್ಯರು ಅತಿ ಹೆಚ್ಚಾಗಿ ನೆಲೆಸಿದ್ದ ಪಟ್ಟಣ ಅದು. ಗ್ಯಾಸ್ ಕೋಣೆಗಳ ವಾರ್ತೆ ಬಂದು ಆಗಿನ್ನೂ ನಾಲ್ಕೇ ವರ್ಷ. 20,000 ಜನ ಬೀದಿಗಿಳಿದು ಪ್ರತಿಭಟಿಸಿದರೆಂದು ಹೇಳುತ್ತಾರೆ. ವರ್ಷಪೂರ್ತಿಯ ಟಿಕೆಟು ಕೊಂಡಿದ್ದವರು ಇನ್ನು ಬರುವುದಿಲ್ಲವೆಂದು ಪತ್ರ ಬರೆದರು.

ಇಲ್ಲಿ ಇಬ್ಬರನ್ನು ನೆನೆಯಬೇಕು. ಮೊದಲನೆಯವರು ತಂಡದ ನಾಯಕ ಎರಿಕ್ ವೆಸ್ಟ್‌ವುಡ್. ಇವರು ನಾರ್ಮಂಡಿಯ ಯುದ್ಧದಲ್ಲಿ ಜರ್ಮನರೆದುರು ಹೋರಾಡಿ ಬಂದವರು. ಹೊಸಬನು ಬಟ್ಟೆ ಬದಲಿಸುವ ಕೋಣೆಗೆ ಬಂದ ದಿನ, ಈ ಕೋಣೆಯೊಳಗೆ ಯುದ್ಧವಿಲ್ಲ ಎಂದು ಎಲ್ಲರ ಮುಂದೆ ಹೇಳಿ ಬರಮಾಡಿಕೊಂಡರು. ಸೈನಿಕನಿಗೆ ಸೈನಿಕ ಕೊಟ್ಟ ಮಾತು ಅದು. ದೊಡ್ಡದೇ, ಆದರೂ ನಮಗೆ ಅರ್ಥವಾಗುವಂಥದು.

ಎರಡನೆಯವರ ನಡತೆ ಅಷ್ಟು ಸುಲಭವಾಗಿ ಅರ್ಥವಾಗುವಂಥದಲ್ಲ. ಅವರು ಮ್ಯಾಂಚೆಸ್ಟರಿನ ಯೆಹೂದ್ಯ ಸಮುದಾಯದ ಧರ್ಮಗುರು ರಬ್ಬಿ ಅಲೆಕ್ಸಾಂಡರ್ ಆಲ್ಟ್‌ಮನ್. 1906ರಲ್ಲಿ ಹುಟ್ಟಿ, ಬರ್ಲಿನ್ನಿನಲ್ಲಿ ರಬ್ಬಿಯಾಗಿ ಸೇವೆ ಸಲ್ಲಿಸಿ, 1938ರಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ಇಂಗ್ಲೆಂಡಿಗೆ ವಲಸೆ ಬಂದವರು. ತತ್ತ್ವಶಾಸ್ತ್ರದಲ್ಲಿ ದೊಡ್ಡ ವಿದ್ವಾಂಸರು. ಇವರ ತಂದೆ ಅಡಾಲ್ಫ್ ಆಲ್ಟ್‌ಮನ್ ಟ್ರಿಯರ್ ಪಟ್ಟಣದ ಮುಖ್ಯ ರಬ್ಬಿಯಾಗಿದ್ದವರು. ಹಾಲೆಂಡಿಗೆ ಹೋಗಿ ನೆಲೆಸಿದ್ದ ಆ ವೃದ್ಧರನ್ನು ನಾಜಿಗಳು ಹಿಡಿದೊಯ್ದು 1944ರಲ್ಲಿ ಆಷ್‌ವಿಟ್ಸ್‌ನಲ್ಲಿ ಕೊಂದಿದ್ದರು. ಅಂದರೆ ಪತ್ರಿಕೆಗಳಲ್ಲಿ ಟ್ರಾಟ್‌ಮನ್‌ರ ಹೆಸರು ಬಂದಾಗ ಆ ಮಗನಿಗೆ ತಂದೆಯ ಸಾವು ಐದು ವರ್ಷದ ಹಿಂದಿನ ಮಾತು. ಜರ್ಮನನನ್ನು ಓಡಿಸಿರೆಂದು ಅವರು ಒಂದು ಮಾತು ಆಡಿದ್ದರೆ ಇಡೀ ಪಟ್ಟಣ ತಲೆದೂಗುತ್ತಿತ್ತು.

ಅವರು ಊರಿನ ಸಂಜೆಪತ್ರಿಕೆಗೆ ಬಹಿರಂಗ ಪತ್ರ ಬರೆದರು. ತಾವೂ ತಮ್ಮವರೂ ಜರ್ಮನರಿಂದ ಅನುಭವಿಸಿದ ಭೀಕರ ಕ್ರೌರ್ಯವನ್ನು ಅದರಲ್ಲಿ ಮುಚ್ಚಿಡಲಿಲ್ಲ. ಆದರೆ ಆ ಅಪರಾಧಗಳಲ್ಲಿ ಪಾಲಿಲ್ಲದ ಒಬ್ಬ ಜರ್ಮನನನ್ನು, ಕೇವಲ ಜರ್ಮನನೆಂಬ ಕಾರಣಕ್ಕೆ ದಂಡಿಸುವುದು ನ್ಯಾಯವಲ್ಲವೆಂದೂ, ಪ್ರತಿಯೊಬ್ಬನನ್ನೂ ಅವನವನ ನಡತೆಯಿಂದಲೇ ಅಳೆಯಬೇಕೆಂದೂ ವಾದಿಸಿದರು. ಪ್ರತಿಭಟನೆಯ ಬಿಸಿ ಆರತೊಡಗಿದ್ದು ಆ ಪತ್ರದ ನಂತರ.

ಈ ಪತ್ರದ ಬಗ್ಗೆ ನಾವು ಬಹಳ ದಿನ ಯೋಚಿಸಿದ್ದೇವೆ. ಟ್ರಾಟ್‌ಮನ್ ಕಾಡಿನಲ್ಲಿ ಕಂಡದ್ದನ್ನು ಆ ದಿನಗಳಲ್ಲಿ ಲೋಕಕ್ಕೆ ಹೇಳಿರಲಿಲ್ಲ. ರಬ್ಬಿಯವರು ನಿರಪರಾಧಿಯೆಂದು ಎಣಿಸಿ ಯಾರ ಪರವಾಗಿ ನಿಂತರೋ ಆ ಮನುಷ್ಯ ಕೊಂದವನಲ್ಲ. ಆದರೆ ಕೊಂದದ್ದನ್ನು ಕಂಡವನು, ಕಂಡು ಸುಮ್ಮನಿದ್ದವನು. ತಿಳಿದಿದ್ದರೆ ಪತ್ರ ಬರೆಯುತ್ತಿದ್ದರೇ? ನಾವು ಉತ್ತರ ಹೇಳಲಾರೆವು. ರಬ್ಬಿಯವರು ಮೋಸಹೋದರೆಂದು ಕೆಲವರು ಹೇಳಬಹುದು. ನಮಗೆ ಹಾಗೆ ಅನ್ನಿಸುವುದಿಲ್ಲ. ಎದುರಿಗಿರುವವನ ಪೂರ್ತಿ ಲೆಕ್ಕವನ್ನು ನೋಡಿದ ಮೇಲೆಯೇ ಬಾಗಿಲು ತೆರೆಯುತ್ತೇವೆಂದರೆ ಯಾವ ಬಾಗಿಲೂ ತೆರೆಯುವುದಿಲ್ಲ. ಇಷ್ಟನ್ನು ಮಾತ್ರ ಹೇಳಬಹುದು: ಆ ಪತ್ರವು ಟ್ರಾಟ್‌ಮನ್‌ರ ಹೆಗಲ ಮೇಲಿನ ಭಾರವನ್ನು ಇಳಿಸಲಿಲ್ಲ, ಹೆಚ್ಚಿಸಿತು. ತನಗೆ ದೊರೆತ ವಿಶ್ವಾಸಕ್ಕೆ ತಾನು ಪೂರ್ತಿ ಅರ್ಹನಲ್ಲವೆಂಬುದು ಬೇರೆ ಯಾರಿಗೂ ಗೊತ್ತಿಲ್ಲದಿದ್ದರೂ ಅವರಿಗೆ ಗೊತ್ತಿತ್ತಲ್ಲ.

ಆಟದ ವಿಷಯವನ್ನು ಬೇಗ ಹೇಳಿಬಿಡುತ್ತೇವೆ, ಬಲ್ಲವರು ಬಲ್ಲರು. 1949ರ ನವೆಂಬರ್ 19ರಂದು ಬೋಲ್ಟನ್ ತಂಡದ ಎದುರು ಮೊದಲ ಪಂದ್ಯ. 1950ರ ಜನವರಿಯಲ್ಲಿ ಲಂಡನ್ನಿನಲ್ಲಿ ಫುಲ್ಹ್ಯಾಮ್ ಎದುರು ಆಡಿದಾಗ ಪ್ರೇಕ್ಷಕರು ನಾಜಿ, ನಾಜಿ ಎಂದು ಕೂಗಿದರು. ಲಂಡನ್ನೂ ಬಾಂಬಿಗೆ ಬೆಂದ ಊರೇ ತಾನೆ. ದೊಡ್ಡ ಸೋಲಾಗಬಹುದೆಂದು ಎಣಿಸಿದ್ದ ಆ ಪಂದ್ಯದಲ್ಲಿ ಅವರು ಚೆಂಡಿನ ಮೇಲೆ ಚೆಂಡನ್ನು ತಡೆದು, ಸಿಟಿ ಕೇವಲ ಒಂದು ಗೋಲಿನಿಂದ ಸೋತಿತು. ಪಂದ್ಯ ಮುಗಿದಾಗ ಕೂಗಿದ್ದ ಜನರೇ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಎರಡು ತಂಡದ ಆಟಗಾರರೂ ಸಾಲಾಗಿ ನಿಂತು ಅವರನ್ನು ಒಳಗೆ ಬೀಳ್ಕೊಟ್ಟರು. ಹ್ಯಾಂಡ್‌ಬಾಲ್ ಆಟದಿಂದ ಬಂದ ಒಂದು ಅಭ್ಯಾಸ ಅವರಿಗಿತ್ತು. ಹಿಡಿದ ಚೆಂಡನ್ನು ಕಣ್ಣುಮುಚ್ಚಿ ದೂರಕ್ಕೆ ಒದೆಯದೆ, ತಮ್ಮವನೊಬ್ಬನನ್ನು ಗುರುತಿಸಿ ಅವನ ಕಾಲಿಗೆ ಸರಿಯಾಗಿ ಎಸೆಯುತ್ತಿದ್ದರು. ಇಂದು ಎಲ್ಲ ಗೋಲುರಕ್ಷಕರೂ ಮಾಡುವ ಈ ಕೆಲಸ ಆಗ ಹೊಸದು. ನಮ್ಮ ಹುಡುಗರು ಕತ್ತಿನ ಕಥೆಗಿಂತ ಇದನ್ನು ಕಲಿತರೆ ಮೇಲು.

1956ರಲ್ಲಿ ಇಂಗ್ಲೆಂಡಿನ ಕ್ರೀಡಾಲೇಖಕರು ಅವರನ್ನು ವರ್ಷದ ಆಟಗಾರರೆಂದು ಆರಿಸಿದರು; ಗೋಲುರಕ್ಷಕನಿಗೆ ಆ ಗೌರವ ದೊರೆತದ್ದು ಅದೇ ಮೊದಲು. ಅದಾದ ಕೆಲವೇ ದಿನಗಳಲ್ಲಿ, ಮೇ 5ರಂದು, ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಸುಮಾರು 1,00,000 ಪ್ರೇಕ್ಷಕರ ಎದುರಿಗೆ ಎಫ್.ಎ. ಕಪ್ಪಿನ ಫೈನಲ್. ಬರ್ಮಿಂಗ್‌ಹ್ಯಾಮ್ ಸಿಟಿಯ ಮೇಲೆ ಮ್ಯಾಂಚೆಸ್ಟರ್ ಸಿಟಿ 3-1ರಿಂದ ಮುಂದಿತ್ತು. ಇನ್ನು ಕಾಲು ಗಂಟೆಯಷ್ಟು ಆಟ ಉಳಿದಿದ್ದಾಗ, ನುಗ್ಗಿ ಬಂದ ಪೀಟರ್ ಮರ್ಫಿಯ ಕಾಲ ಬಳಿಗೆ ಟ್ರಾಟ್‌ಮನ್ ತಲೆಯೊಡ್ಡಿ ಹಾರಿದರು. ಚೆಂಡು ಸಿಕ್ಕಿತು; ಮೊಣಕಾಲು ಕತ್ತಿಗೆ ಬಡಿಯಿತು. ಬದಲಿ ಆಟಗಾರನನ್ನು ಇಳಿಸುವ ನಿಯಮ ಆಗ ಇರಲಿಲ್ಲ. ಇಂಗ್ಲಿಷ್ ಲೀಗಿನಲ್ಲಿ ಅದು ಬಂದದ್ದು 1965ರಲ್ಲಿ. ಕಣ್ಣು ಮಂಜಾಗಿ, ತೂರಾಡುತ್ತಾ ನಿಂತು ಅವರು ಕೊನೆಯವರೆಗೂ ಗೋಲು ಕಾಯ್ದರು, ಮತ್ತೆರಡು ಸಲ ಬಿದ್ದು ಚೆಂಡು ತಡೆದರು. ಪದಕ ಕೊಟ್ಟ ರಾಜಕುಮಾರ ಫಿಲಿಪ್ ಅವರ ಸೊಟ್ಟ ಕತ್ತನ್ನು ಗಮನಿಸಿದರಂತೆ. ನಾಲ್ಕು ದಿನಗಳ ನಂತರ ಎಕ್ಸ್‌ರೇ ತೆಗೆದಾಗ ಕತ್ತಿನ ಐದು ಎಲುಬುಗಳು ಸ್ಥಾನ ತಪ್ಪಿದ್ದವು. ಎರಡನೆಯದು ಸೀಳಿ ಇಬ್ಭಾಗವಾಗಿತ್ತು. ಮೂರನೆಯ ಎಲುಬು ಅದಕ್ಕೆ ಆನಿಸಿ ಕಚ್ಚಿಕೊಂಡಿದ್ದರಿಂದ ಪ್ರಾಣ ಉಳಿಯಿತು.

ಲೋಕಕ್ಕೆ ಗೊತ್ತಿರುವ ಕಥೆ ಇಲ್ಲಿಗೆ ಮುಗಿಯುತ್ತದೆ. ಮನೆಯ ಕಥೆ ಇಲ್ಲಿಂದ ಮೊದಲಾಗುತ್ತದೆ. ಆ ಪಂದ್ಯವಾಗಿ ಕೆಲವು ವಾರಗಳೊಳಗೆ, ತಂದೆಯ ಕತ್ತು ಇನ್ನೂ ಪ್ಲಾಸ್ಟರಿನ ಬಿಗಿಯಲ್ಲಿರುವಾಗಲೇ, ಅವರ ಐದು ವರ್ಷದ ಮಗ ಜಾನ್ ರಸ್ತೆಯಲ್ಲಿ ಕಾರಿಗೆ ಸಿಕ್ಕಿ ಸತ್ತುಹೋದನು. ಪತ್ರಿಕೆಗಳ ಅಭಿನಂದನೆಗಳೂ ಅಭಿಮಾನಿಗಳ ಪತ್ರಗಳೂ ಮನೆಗೆ ಬರುತ್ತಲೇ ಇದ್ದ ದಿನಗಳು ಅವು. ಜರ್ಮನ್ ಸೈನಿಕನೊಬ್ಬನು ಇಂಗ್ಲೆಂಡಿನ ಹೆಣ್ಣನ್ನು ಮದುವೆಯಾಗಿ ಪಡೆದ ಮಗು. ಹೊಸ ನೆಲದಲ್ಲಿ ಅವರು ಊರಿದ ಬೇರು. ಕತ್ತಿನ ಎಲುಬುಗಳು ತಿಂಗಳುಗಳಲ್ಲಿ ಕೂಡಿಕೊಂಡವು. ಡಿಸೆಂಬರಿನಲ್ಲಿ ಅವರು ಮತ್ತೆ ಗೋಲುಕಂಬಗಳ ನಡುವೆ ನಿಂತರು. ಮನೆ ಕೂಡಿಕೊಳ್ಳಲಿಲ್ಲ. ಆಮೇಲೆ ಇಬ್ಬರು ಗಂಡುಮಕ್ಕಳು ಬೆಳೆದರೂ ತಾಯಿ ಆ ಸಾವಿನಿಂದ ಚೇತರಿಸಿಕೊಳ್ಳಲೇ ಇಲ್ಲವೆಂದು ಟ್ರಾಟ್‌ಮನ್ ಹೇಳಿದ್ದಾರೆ. 1972ರಲ್ಲಿ ಆ ದಾಂಪತ್ಯ ವಿಚ್ಛೇದನದಲ್ಲಿ ಕೊನೆಗೊಂಡಿತು.

ನೀವೆಲ್ಲರೂ ನಮ್ಮನ್ನು ಫಾದರ್ ಎಂದು ಕರೆಯುತ್ತೀರಿ. ಮಗುವನ್ನು ಮಣ್ಣಿಗಿಟ್ಟ ತಂದೆಯ ಸಂಕಟ ಮಾತ್ರ ನಮಗೆ ತಿಳಿಯದು. ತಿಳಿಯದೆಂಬುದನ್ನು ನಾವು ಕಲಿತದ್ದೂ ತಡವಾಗಿಯೇ. ಮೂವತ್ತು ವರ್ಷಗಳಿಗೂ ಹಿಂದೆ ನಾವು ಇದೇ ಧರ್ಮಕೇಂದ್ರದಲ್ಲಿ ಸಹಾಯಕ ಗುರುವಾಗಿದ್ದಾಗ, ಇಲ್ಲಿನ ವಿಶ್ವಾಸಿಯೊಬ್ಬರ ಆರು ವರ್ಷದ ಮಗ ಕೆರೆಯಲ್ಲಿ ಮುಳುಗಿ ತೀರಿಕೊಂಡನು. ಸಮಾಧಿಯ ಬಳಿ ಆ ತಂದೆಯ ಹೆಗಲ ಮೇಲೆ ಕೈಯಿಟ್ಟು, ಗುರುಮಠದಿಂದ ಹೊಸದಾಗಿ ಬಂದಿದ್ದ ಉತ್ಸಾಹದಲ್ಲಿ, ದೇವರ ಚಿತ್ತದ ಬಗ್ಗೆ ನಾಲ್ಕು ಮಾತು ಆಡಿದೆವು. ಅವರು ಏನೂ ಹೇಳದೆ ನಮ್ಮ ಕೈಯನ್ನು ಮೆಲ್ಲನೆ ಹೆಗಲಿನಿಂದ ತೆಗೆದರು. ಎರಡು ವರ್ಷ ಪೂಜೆಗೆ ಬರಲಿಲ್ಲ. ವಿಶ್ವಾಸ ಸಾಲದವರ ಬಗ್ಗೆ, ಹೆಸರು ಹೇಳದೆ, ಪ್ರಬೋಧನೆಯಲ್ಲಿ ಒಮ್ಮೆ ಆಡಿಯೂ ಬಿಟ್ಟೆವು. ಇಂದು ನೆನೆದರೆ ನಾಚಿಕೆಯಾಗುತ್ತದೆ. ಈಚೆಗೆ ಮತ್ತೆ ಇದೇ ಧರ್ಮಕೇಂದ್ರಕ್ಕೆ ಬಂದ ಮೇಲೆ ಅವರ ಮನೆಗೆ ಹೋಗಿ ಕುಳಿತೆವು. ಒಂದು ಗಂಟೆ ಅವರೇ ಮಾತನಾಡಿದರು; ಎಲ್ಲವೂ ಮಗನ ವಿಷಯವೇ. ಅವನು ಇಡ್ಲಿಗೆ ಬೆಲ್ಲ ಹಚ್ಚಿಕೊಳ್ಳುತ್ತಿದ್ದುದು, ಎಡಗಾಲಿನಲ್ಲಿ ಚೆಂಡು ಒದೆಯುತ್ತಿದ್ದುದು. ನಾವು ಕೇಳಿಸಿಕೊಂಡೆವು.

ಟ್ರಾಟ್‌ಮನ್ ಸಿಟಿಯ ಪರವಾಗಿ 1964ರವರೆಗೆ 545 ಪಂದ್ಯಗಳನ್ನಾಡಿದರು. ಆ ವರ್ಷ ಏಪ್ರಿಲ್ 15ರಂದು ನಡೆದ ಬೀಳ್ಕೊಡುಗೆಯ ಪಂದ್ಯದಲ್ಲಿ, ಹಗೆತನಕ್ಕೆ ಹೆಸರಾದ ಮ್ಯಾಂಚೆಸ್ಟರಿನ ಎರಡೂ ತಂಡದವರು ಅವರಿಗಾಗಿ ಒಂದೇ ತಂಡವಾಗಿ ಆಡಿದರು. ನೋಡಲು ಬಂದವರು 47,000ದಷ್ಟು ಜನ. ಹದಿನೈದು ವರ್ಷಗಳ ಹಿಂದೆ ಬೀದಿಯಲ್ಲಿ ಕೂಗಿದ್ದವರೂ ಅವರಲ್ಲಿ ಇದ್ದಿರಬೇಕು. ಜರ್ಮನಿಯ ಪರವಾಗಿ ಮಾತ್ರ ಒಂದು ಪಂದ್ಯವನ್ನೂ ಆಡಲು ಅವಕಾಶ ಸಿಗಲಿಲ್ಲ; ಪರದೇಶದಲ್ಲಿ ಆಡುವವರನ್ನು ಅಲ್ಲಿ ಆಗ ಆರಿಸುತ್ತಿರಲಿಲ್ಲ. ಹುಟ್ಟಿದ ನೆಲದಲ್ಲಿ ಪರಕೀಯ, ನೆಲೆಸಿದ ನೆಲದಲ್ಲಿ ಜರ್ಮನ: ವಲಸೆ ಹೋದವರ ಪಾಡೇ ಹೀಗೆ. ಗಲ್ಫಿಗೂ ಮುಂಬಯಿಗೂ ಮಕ್ಕಳನ್ನು ಕಳುಹಿಸಿರುವ ನಮ್ಮ ಕುಟುಂಬಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತರುವಾಯ ಅವರು ಕೆಲವು ಸಣ್ಣ ತಂಡಗಳನ್ನು ನಡೆಸಿದರು. ಹೇಳಿಕೊಳ್ಳುವಂಥ ಯಶಸ್ಸು ಬರಲಿಲ್ಲ. ಬಳಿಕ ಜರ್ಮನ್ ಕಾಲ್ಚೆಂಡು ಸಂಸ್ಥೆಯ ಮೂಲಕ ಬಡರಾಷ್ಟ್ರಗಳಿಗೆ ತರಬೇತಿದಾರರಾಗಿ ಹೊರಟರು. ಮೊದಲು ನಮ್ಮ ನೆರೆಯ ಬರ್ಮಾ. ಅನಂತರ ಟಾಂಜಾನಿಯ, ಲೈಬೀರಿಯ, ಪಾಕಿಸ್ತಾನ. 1988ರವರೆಗೂ ಈ ಕೆಲಸ ನಡೆಯಿತು. ಹುಡುಗರನ್ನು ಆಟದ ಬಯಲಿನಿಂದ ಹೇಗೆ ಕೆಡಿಸಬಹುದೆಂಬುದನ್ನು ಹತ್ತನೆಯ ವಯಸ್ಸಿನಲ್ಲಿ ಸ್ವತಃ ಅನುಭವಿಸಿದ್ದ ಮನುಷ್ಯ, ಐವತ್ತು ದಾಟಿದ ಮೇಲೆ ಪರದೇಶದ ಹುಡುಗರಿಗೆ ಚೆಂಡು ಹಿಡಿಯಲು ಕಲಿಸುತ್ತಾ ಊರೂರು ತಿರುಗಿದರು. ಅವರ ಜೀವನದಲ್ಲಿ ನಮಗೆ ಬಹಳ ಹಿಡಿಸುವ ಭಾಗ ಇದು. ಯಾವ ಪುಸ್ತಕವೂ ಇದಕ್ಕೆ ಸಾಕಷ್ಟು ಪುಟ ಕೊಟ್ಟಂತೆ ಕಾಣೆವು.

ಇಂಗ್ಲೆಂಡ್ ಮತ್ತು ಜರ್ಮನಿಗಳ ನಡುವೆ ಸ್ನೇಹ ಬೆಳೆಸಿದ್ದಕ್ಕಾಗಿ 2004ರಲ್ಲಿ ಬ್ರಿಟನ್ ಅವರಿಗೆ ಓ.ಬಿ.ಇ. ಗೌರವವಿತ್ತಿತು. ಬರ್ಲಿನ್ನಿನಲ್ಲಿ ಭೇಟಿಯಾದ ರಾಣಿ ಎಲಿಜಬೆತ್‌ರು ಕತ್ತು ಇನ್ನೂ ನೋಯುತ್ತದೆಯೇ ಎಂದು ವಿಚಾರಿಸಿದರಂತೆ. ಎಲ್ಲರೂ ಕೇಳುತ್ತಿದ್ದುದು ಕತ್ತನ್ನೇ. ಆ ಡಿಕ್ಕಿಗಾಗಿ ಪೀಟರ್ ಮರ್ಫಿಯನ್ನು ದೂರಿದವರಿಗೆ, ಅವನದು ತಪ್ಪಿಲ್ಲವೆಂದು ಟ್ರಾಟ್‌ಮನ್ ಹೇಳಿದ್ದರು. 2013ರ ಜುಲೈ 19ರಂದು, ಸ್ಪೇನಿನ ವಲೆನ್ಸಿಯ ಬಳಿಯ ಹಳ್ಳಿಯೊಂದರಲ್ಲಿ, ಕೊನೆಯ ವರ್ಷಗಳಲ್ಲಿ ತಾವು ನೆಲೆಸಿದ್ದ ಮನೆಯಲ್ಲಿ ಅವರು ತೀರಿಕೊಂಡರು.

ಶತಮಾನೋತ್ಸವದ ಅಂಗವಾಗಿ ನಮ್ಮ ಯುವಕರು ಮೈದಾನದಲ್ಲಿ ಕಾಲ್ಚೆಂಡು ಪಂದ್ಯವನ್ನು ಏರ್ಪಡಿಸಿದ್ದಾರೆ. ಅತಿಥಿಯಾಗಿ ಯಾರನ್ನು ಕರೆಯಬೇಕೆಂದು ಕೇಳಿದಾಗ ನಾವು ಮೇಲೆ ಹೇಳಿದ ಆ ತಂದೆಯ ಹೆಸರನ್ನು ಸೂಚಿಸಿದೆವು. ಅವರಿಗೀಗ ಎಪ್ಪತ್ತು ದಾಟಿದೆ. ಮೊಣಕಾಲು ನೋವೆಂದು ಮೊದಲು ಹಿಂಜರಿದರು. ಆಮೇಲೆ, ಚೆಂಡನ್ನು ಒಮ್ಮೆ ಒದೆಯುವುದಷ್ಟೇ ತಾನೆ ಎಂದು ಕೇಳಿ ಒಪ್ಪಿಕೊಂಡರು. ಅವರ ಮಗನ ಮಾತನ್ನು ಇಲ್ಲಿ ಬರೆದಿರುವುದೂ ಅವರ ಅಪ್ಪಣೆಯಿಂದಲೇ. ಎಡಗಾಲಿನ ವಿಷಯವನ್ನು ಮರೆಯದೆ ಸೇರಿಸಿ ಸ್ವಾಮಿ ಎಂದಿದ್ದರು.